ಬ್ರೇಕಿಗೂ ಯಜಮಾನರೇ ಬೇಕೆ?

ಗಿರಿನಗರದ ಏರು-ಇಳಿವು ಸ್ಕೂಟರ್ ಓಡಿಸುವ ಹೆಂಗಸರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರಲಾರದು. ನನ್ನ ಕೈನೆಟಿಕ್ ಹೋಂಡಾ 1997ರದ್ದು. ಮಗಳನ್ನು ಶಾಲೆಗೆ ಬಿಟ್ಟದ್ದು, ಗಾಂಧಿ ಬಜಾರಿನಿಂದ ಹಬ್ಬಕ್ಕೆ ಬಾಳೆಎಲೆ ತಂದದ್ದು ಎಲ್ಲ ಅದರ ಮೇಲೆಯೇ. ಕಳೆದ ಶ್ರಾವಣದಲ್ಲಿ ನಮ್ಮ ಬೀದಿಯ ಇಳಿಜಾರಿನಲ್ಲಿ ಹಿಂದಿನ ಬ್ರೇಕ್ ಹಿಡಿದರೆ ಲಿವರ್ ಬಂದು ಹ್ಯಾಂಡಲ್ಲಿಗೆ ತಾಗಿತೇ ಹೊರತು ಗಾಡಿ ನಿಲ್ಲಲಿಲ್ಲ. ಹಿಂದೆ ಮೊಮ್ಮಗ ಕೂತಿದ್ದ. ಮುಂದಿನ ಬ್ರೇಕ್ ಹಿಡಿದು, ಎರಡೂ ಕಾಲೂರಿ, ಯಾರದೋ ಮನೆ ಕಟ್ಟಲು ತಂದ ಮರಳಿನ ಗುಡ್ಡೆಗೆ ನುಗ್ಗಿಸಿ ಹೇಗೋ ನಿಂತೆ.

ಎರಡು ವಾರದ ಹಿಂದಷ್ಟೇ ಬ್ರೇಕ್ ಸರಿಯಿಲ್ಲವೆಂದು ಗ್ಯಾರೇಜಿಗೆ ಕೊಟ್ಟಿದ್ದೆ. ಹುಡುಗ ನಟ್ಟನ್ನು ನಾಲ್ಕು ಸುತ್ತು ತಿರುಗಿಸಿ "ಟೈಟ್ ಮಾಡಿದೀನಿ ಆಂಟಿ" ಎಂದ. "ಒಳಗೆ ಬಿಚ್ಚಿ ನೋಡಪ್ಪಾ" ಎಂದೆ. "ಅದೆಲ್ಲ ನಿಮಗೆ ಅರ್ಥ ಆಗಲ್ಲ, ಅಂಕಲ್‌ನ ಕಳಿಸಿ" ಎಂದ. ನಮ್ಮ ಅಂಕಲ್‌ಗೆ ಸ್ಕೂಟರ್ ಓಡಿಸಲಿಕ್ಕೇ ಬರುವುದಿಲ್ಲ!

ಅರ್ಥವಾಗದಂಥದ್ದು ಅದರಲ್ಲೇನಿದೆ? ಚಕ್ರದ ಜೊತೆ ತಿರುಗುವ ಬೋಗುಣಿಯಂಥ ಡ್ರಮ್ಮು, ಅದರೊಳಗೆ ಅರ್ಧಚಂದ್ರಾಕಾರದ ಎರಡು ಶೂಗಳು. ಲಿವರ್ ಎಳೆದರೆ ಅವು ಅಗಲವಾಗಿ ಡ್ರಮ್ಮಿಗೆ ಉಜ್ಜುತ್ತವೆ, ಚಕ್ರ ನಿಲ್ಲುತ್ತದೆ. ಉಜ್ಜಿ ಉಜ್ಜಿ ಲೈನಿಂಗ್ ಸವೆಯುತ್ತದೆ. ನಟ್ಟು ಬಿಗಿ ಮಾಡಿದರೆ ಸಡಿಲ ಹೋದೀತು, ಲೈನಿಂಗ್ ಮರಳಿ ಬಂದೀತೆ? ಚಪ್ಪಲಿಯ ಪಟ್ಟಿ ಬಿಗಿ ಮಾಡಿದರೆ ಅಟ್ಟೆ ಬೆಳೆಯುತ್ತದೆಯೇ? ಬಿಗಿ ಮಾಡುವ ಈ ಅಭ್ಯಾಸ ಸವೆತವನ್ನು ಮುಚ್ಚಿಡುತ್ತದೆ, ಅಷ್ಟೆ.

ಬೇರೊಂದು ಗ್ಯಾರೇಜಿನಲ್ಲಿ ಎದುರಿಗೇ ನಿಂತು ಚಕ್ರ ಬಿಚ್ಚಿಸಿದೆ. ಇಂಥ ಗಾಡಿಗಳಲ್ಲಿ ಹೊಸ ಲೈನಿಂಗ್ ಸುಮಾರು 4 ಮಿಲಿಮೀಟರ್ ದಪ್ಪ. 2ಕ್ಕೆ ಇಳಿದರೆ ಬದಲಿಸಲೇಬೇಕು. ನನ್ನದು ಒಂದು ಕಡೆ ಕಾಗದದಷ್ಟಾಗಿತ್ತು. ಶೂ ಎರಡನ್ನೂ ಒಟ್ಟಿಗೇ ಬದಲಿಸಬೇಕು. ಡ್ರಮ್ಮಿನೊಳಗೆ ಗೀರು ಬಿದ್ದಿದೆಯೇ, ಎಣ್ಣೆ ಒಸರಿದೆಯೇ ನೋಡಬೇಕು. ಒಳಗಿನ ಧೂಳನ್ನು ಮಾತ್ರ ಗಾಳಿ ಹೊಡೆಸಿ ಹಾರಿಸಲು ಬಿಡಬೇಡಿ. ಹಳೆಯ ಲೈನಿಂಗಿನಲ್ಲಿ ಕ್ಯಾನ್ಸರ್ ತರುವ ಆಸ್‌ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿದರಾಯಿತು.

"ಹಳೇ ಗಾಡಿ ಮಾರಿ ಹೊಸದು ತಗೊಳ್ಳಿ" ಎನ್ನುವ ಜಾಣರಿದ್ದಾರೆ. 2019ರ ಏಪ್ರಿಲ್‌ನಿಂದ ಮಾರುವ 125 ಸಿಸಿವರೆಗಿನ ಹೊಸ ಗಾಡಿಗಳಲ್ಲಿ ಎರಡೂ ಚಕ್ರಕ್ಕೆ ಒಟ್ಟಿಗೆ ಬ್ರೇಕ್ ಹಿಡಿಯುವ ಏರ್ಪಾಡೋ, ಎಬಿಎಸ್ಸೋ ಇರಲೇಬೇಕು. ಒಳ್ಳೆಯದೇ. ಆದರೆ ಅವುಗಳಲ್ಲೂ ಎಷ್ಟೋ ಗಾಡಿಗಳಿಗೆ ಇರುವುದು ಇದೇ ಡ್ರಮ್ಮು, ಇದೇ ಶೂ. ಹೊಸ ಗಾಡಿಯೆಂದು ಲೈನಿಂಗ್ ಸವೆಯದೆ ಇರುತ್ತದೆಯೇ?

ತಪ್ಪು ಆ ಹುಡುಗನದೊಂದೇ ಅಲ್ಲ, ನಮ್ಮದೂ ಇದೆ. ಕಲ್ಲು ಆರಿಸದೆ ಬೇಳೆಯನ್ನು ಒಲೆಗಿಡದ ನಾವು, ಮಕ್ಕಳನ್ನು ಕೂರಿಸಿಕೊಂಡು ಹೋಗುವ ಗಾಡಿಯ ಬ್ರೇಕನ್ನು ಮಾತ್ರ ಯಾರದೋ ಮಾತಿಗೆ ಬಿಟ್ಟುಬಿಡುತ್ತೇವೆ. ಕೈಗೆ ಮಸಿ ಹತ್ತಬೇಕಿಲ್ಲ, "ಬಿಚ್ಚಿ ತೋರಿಸು" ಎಂದು ಕೇಳಿದರೆ ಸಾಕು. ತೆಗೆದ ಹಳೇ ಶೂಗಳನ್ನೂ ಕೈಗೆ ತೆಗೆದುಕೊಂಡು ನೋಡಿ.

ಆಗಲೂ "ಅಂಕಲ್‌ನ ಕಳಿಸಿ" ಎಂದರೆ ಹೇಳಿ: "ಗಾಡಿ ಓಡಿಸೋಳು ನಾನು. ನನಗೇ ತೋರಿಸು."