ಚೀಟಿ ದುಡ್ಡಿನ ಕಂಪ್ಯೂಟರ್

ಸಿದ್ದಾಪುರದಲ್ಲಿರುವ ನನ್ನ ಅಕ್ಕನ ಮಗಳು ಮನೆಯಲ್ಲೇ ಕೂತು ವೆಬ್‌ಸೈಟ್ ವಿನ್ಯಾಸದ ಕೆಲಸ ಶುರುಮಾಡುತ್ತಿದ್ದಾಳೆ. ಕಂಪ್ಯೂಟರಿಗೆ ಇರುವುದು ಅಕ್ಕ ಎರಡು ವರ್ಷ ಕಟ್ಟಿದ ಚೀಟಿ ದುಡ್ಡು, ಅಷ್ಟೇ.

“ದೊಡ್ಡ ಗ್ರಾಫಿಕ್ಸ್ ಕಾರ್ಡ್ ಬೇಕಲ್ವಾ ಮಾಮ?” ಅಂದಳು.

ಆಟಕ್ಕಾದರೆ ಬೇಕು ಕಣಮ್ಮ. ಪುಟ ವಿನ್ಯಾಸಕ್ಕೆ ಪ್ರೊಸೆಸರ್ ಒಳಗೇ ಇರುವ ಗ್ರಾಫಿಕ್ಸ್ ಸಾಕು. ಆ ದುಡ್ಡಲ್ಲಿ 16 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಹಾಕಿಸು. ಪರದೆ ಐಪಿಎಸ್ ಇರಲಿ. ಅಗ್ಗದ ಟಿಎನ್ ಪರದೆಯಲ್ಲಿ ತಲೆ ವಾಲಿಸಿದರೆ ಬಣ್ಣವೇ ಬದಲಾಗುತ್ತದೆ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಬಿಡಬೇಡ. ಕರೆಂಟು ಹೋದಾಗ ಕೆಲಸ ಉಳಿಸಿಕೊಳ್ಳಲು ಹತ್ತು ನಿಮಿಷ ಸಿಕ್ಕರೂ ಸಾಕು.

ಎಸ್.ಪಿ. ರಸ್ತೆಯಲ್ಲಿ ನಾಲ್ಕು ಅಂಗಡಿ ಸುತ್ತಿ ಬೆಲೆ ಕೇಳು. ಬಿಲ್ಲು ಮಾತ್ರ ಬಿಡಬೇಡ, ವಾರಂಟಿಗೆ ಅದೇ ಆಧಾರ.

ಅಕ್ಕನ ಹಳೆಯ ಮೊಬೈಲೂ ಇರಲಿ. ಮಾಡಿದ ಪುಟವನ್ನು ಅದರಲ್ಲಿ ತೆರೆದು, ಕನ್ನಡದ ಒತ್ತಕ್ಷರ ಸರಿಯಾಗಿ ಮೂಡಿದೆಯೇ ನೋಡು.