ಹೆಪ್ಪಿಗೆ ಎತ್ತಿಟ್ಟ ಮೊಸರು

2017ರ ಮಳೆಗಾಲದ ಒಂದು ಬೆಳಿಗ್ಗೆ ನಮ್ಮ ಮನೆಯ ಕಂಪ್ಯೂಟರ್ ಏಳಲೇ ಇಲ್ಲ. ಗುಂಡಿ ಒತ್ತಿದರೆ ಒಳಗಿನಿಂದ ಟಿಕ್ ಟಿಕ್ ಸದ್ದು, ಪರದೆಯ ಮೇಲೆ ಬರೀ ಕತ್ತಲು. ಪೇಟೆಯ ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋದೆವು. ಹುಡುಗ ಬಿಚ್ಚಿ ನೋಡಿ, "ಹಾರ್ಡ್ ಡಿಸ್ಕ್ ಹೋಗಿದೆ ಮೇಡಂ, ಬ್ಯಾಕಪ್ ಇದೆಯಾ?" ಎಂದ.

"ಇದೆಯಪ್ಪ, ಪ್ರತಿ ಭಾನುವಾರ ತಾನಾಗೇ ಆಗುತ್ತೆ" ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

"ಎಲ್ಲಿಗೆ ಆಗುತ್ತೆ?"

"ಡಿ ಡ್ರೈವಿಗೆ."

ಹುಡುಗ ನನ್ನ ಮುಖ ನೋಡಿದ. ಆಮೇಲೆ ಮೆಲ್ಲಗೆ, "ಸಿ, ಡಿ ಎರಡೂ ಇದೇ ಡಬ್ಬಿಯೊಳಗೇ ಇರೋದು ಮೇಡಂ" ಎಂದ.

ಪ್ರಶ್ನೆಪತ್ರಿಕೆಗಳು, ಅಂಕಪಟ್ಟಿಗಳು ಹೋದದ್ದಕ್ಕೆ ನಾನು ಅಳಲಿಲ್ಲ. ಅಮ್ಮ ತೀರಿಕೊಳ್ಳುವ ಹಿಂದಿನ ವರ್ಷ ಅವಳನ್ನು ಕೂರಿಸಿಕೊಂಡು ನಲವತ್ತಕ್ಕೂ ಹೆಚ್ಚು ಹಸೆ ಹಾಡುಗಳನ್ನು ರೆಕಾರ್ಡ್ ಮಾಡಿಕೊಂಡಿದ್ದೆ. ಅವೂ ಅದರಲ್ಲೇ ಇದ್ದವು. ಡಿಸ್ಕನ್ನು ಬೆಂಗಳೂರಿನವರೆಗೂ ಕಳಿಸಿದೆವು. ಏನೂ ಬರಲಿಲ್ಲ.

ಆಗ ಮನೆಯವರು, ನೆಂಟರು, ಸ್ಟಾಫ್ ರೂಮಿನವರು ಎಲ್ಲರೂ ಹೇಳಿದ್ದು ಒಂದೇ ಮಾತು: "ಬಿಟ್ಟಿ ಸಾಫ್ಟ್‌ವೇರ್ ಹಾಕಿಕೊಂಡರೆ ಇನ್ನೇನಾಗುತ್ತೆ?" ನನ್ನ ಜಗಳ ಈ ಮಾತಿನ ಮೇಲೆಯೇ. ಸಾವಿರಾರು ರೂಪಾಯಿ ಕೊಟ್ಟು ತಂದ ಸಾಫ್ಟ್‌ವೇರ್ ಆಗಿದ್ದರೂ ಡಿ ಡ್ರೈವಿಗೆ ಹಾಕಿದ್ದು ಡಿ ಡ್ರೈವಿನ ಜೊತೆಗೇ ಹೋಗುತ್ತಿತ್ತು. ತಪ್ಪು ಬೆಲೆಯದಲ್ಲ. ಪ್ರತಿಯನ್ನು ಎಲ್ಲಿಡಬೇಕೆಂದು ಯಾರೂ ಯೋಚಿಸಲಿಲ್ಲ, ಇಟ್ಟದ್ದು ವಾಪಸು ಬರುತ್ತದೆಯೇ ಎಂದು ಯಾರೂ ಪರೀಕ್ಷಿಸಲಿಲ್ಲ. ಆ ಯಾರೂಗಳಲ್ಲಿ ನಾನೂ ಒಬ್ಬಳು. ಅದು ಮಗನ ಕೆಲಸ, ಅಂಗಡಿ ಹುಡುಗನ ಕೆಲಸ ಎಂದು ಬಿಟ್ಟುಕೊಟ್ಟಿದ್ದೆ.

ಇದು ನಮಗೆ ಗೊತ್ತಿಲ್ಲದ ವಿದ್ಯೆಯೇ? ರಾತ್ರಿ ಮೊಸರು ಬಳಸುವಾಗ ಹೆಪ್ಪಿಗೆಂದು ಒಂದು ಚಮಚ ಬೇರೆ ಬಟ್ಟಲಿಗೆ ಎತ್ತಿಡದ ಹೆಂಗಸು ಯಾರಿದ್ದಾಳೆ? ಅದೂ ಕೆಟ್ಟರೆ ಪಕ್ಕದ ಮನೆಯಿಂದ ಹೆಪ್ಪು ತರುತ್ತೇವೆ. ಕಂಪ್ಯೂಟರ್ ಬಲ್ಲವರು ಇದನ್ನೇ "3-2-1" ಎಂದು ಸೂತ್ರ ಮಾಡಿಕೊಂಡಿದ್ದಾರೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಅದರಲ್ಲಿ ಒಂದು ಮನೆಯಿಂದ ಹೊರಗೆ. ನಮ್ಮ ಅಜ್ಜಿಯರು ಇದನ್ನು ಸೂತ್ರವಿಲ್ಲದೆಯೇ ನಡೆಸಿದರು.

"ಟಾಯ್ ಸ್ಟೋರಿ 2" ಎಂಬ ಮಕ್ಕಳ ಚಿತ್ರವನ್ನು ನಿಮ್ಮ ಮಕ್ಕಳು ನೋಡಿರಬಹುದು. ಅದು ತಯಾರಾಗುತ್ತಿದ್ದ 1998ರಲ್ಲಿ ಯಾರೋ ಕೊಟ್ಟ ಒಂದು ತಪ್ಪು ಆಜ್ಞೆಯಿಂದ ಪಿಕ್ಸಾರ್ ಸ್ಟುಡಿಯೋದ ಕಂಪ್ಯೂಟರಿನಲ್ಲಿದ್ದ ಚಿತ್ರದ ಬಹುಭಾಗ ಅಳಿಸಿಹೋಯಿತು. ಅಷ್ಟು ದೊಡ್ಡ ಸಂಸ್ಥೆಯ ಬ್ಯಾಕಪ್ ಸರಿಯಾಗಿ ಆಗುತ್ತಲೇ ಇರಲಿಲ್ಲವೆಂದು ಆಗಲೇ ಗೊತ್ತಾದದ್ದು. ಉಳಿಸಿದ್ದು ಗ್ಯಾಲಿನ್ ಸುಸ್‌ಮನ್ ಎಂಬಾಕೆಯ ಮನೆಯ ಕಂಪ್ಯೂಟರ್. ಎಳೆ ಮಗುವಿನ ತಾಯಿಯಾದ್ದರಿಂದ ಮನೆಯಿಂದಲೇ ಕೆಲಸ ಮಾಡಲು ಆಕೆ ಒಂದು ಪ್ರತಿ ಇಟ್ಟುಕೊಂಡಿದ್ದರು. ದುಡ್ಡು ಕೊಟ್ಟು ಕೊಂಡ ಯಂತ್ರ ಮಾಡದ್ದನ್ನು ಬಾಣಂತಿಯ ಮನೆ ಮಾಡಿತು!

ಹಾಗೆಂದು ಪುಕ್ಕಟೆ ಎಂದದ್ದನ್ನೆಲ್ಲ ನಂಬಿ ಎಂದು ನಾನು ಹೇಳಲಾರೆ. ಪುಕ್ಕಟೆಯಲ್ಲಿ ಎರಡು ಜಾತಿ. ಒಂದು, ಅಂಗಡಿಯವನು ರುಚಿ ನೋಡಲು ಕೊಡುವ ಚೂರು. ಅವನು ಯಾವತ್ತಾದರೂ ಕೈ ಹಿಂತೆಗೆಯಬಹುದು. ಡಿಸ್ಕಿನ ಪೂರ್ತಿ ಪಡಿಯಚ್ಚು ತೆಗೆಯಲು ಬಹಳ ಜನ ನೆಚ್ಚಿದ್ದ ಮ್ಯಾಕ್ರಿಯಂ ರಿಫ್ಲೆಕ್ಟ್‌ನ ಉಚಿತ ಆವೃತ್ತಿ 2024ರ ಆರಂಭಕ್ಕೆ ನಿಂತುಹೋಯಿತು. ಗೂಗಲ್ ಫೋಟೋಸ್‌ನಲ್ಲಿ ಎಷ್ಟು ಬೇಕಾದರೂ ಬಿಟ್ಟಿಯಾಗಿ ಇಡಬಹುದೆಂಬ ಕಾಲ 2021ರ ಜೂನ್ 1ಕ್ಕೆ ಮುಗಿಯಿತು. ಕೊಡುವುದೂ ನಿಲ್ಲಿಸುವುದೂ ಅವರ ಹಕ್ಕು. ಅದನ್ನು ದಾನವೆಂದು ತಿಳಿದರೆ ಅದು ನಮ್ಮ ತಪ್ಪು.

ಇನ್ನೊಂದು ಜಾತಿ, ಊರ ಬಾವಿಯ ನೀರು. ತೈವಾನಿನಲ್ಲಿ ಹುಟ್ಟಿದ ಕ್ಲೋನ್‌ಜಿಲ್ಲಾ ಅಂಥದು. ಅದರ ಮೂಲ ಬರಹವೇ ಎಲ್ಲರಿಗೂ ತೆರೆದಿದೆ. ಯಾರೂ ಅದಕ್ಕೆ ಬೀಗ ಹಾಕುವಂತಿಲ್ಲ. ಅದರ ಮುಖ ಮಾತ್ರ ಒರಟು, ಅಕ್ಷರಗಳೇ ಎಲ್ಲ. ಮೌಸ್ ಹಿಡಿದು ನಡೆಸಲು ಬೇಕೆಂದರೆ ಅದರ ಬಳಗದ ರೆಸ್ಕ್ಯೂಜಿಲ್ಲಾ ಇದೆ. ಪೆನ್ ಡ್ರೈವಿಗೆ ಹಾಕಿ ಅದರಿಂದಲೇ ಕಂಪ್ಯೂಟರ್ ಏಳಿಸಿದರೆ, ವಿಂಡೋಸ್ ಸತ್ತಿದ್ದರೂ ಇದು ಓಡುತ್ತದೆ. ನಾನು ಈಗ ಬಳಸುವುದು ಇದನ್ನೇ.

ಡಿಸ್ಕಿನ ಪಡಿಯಚ್ಚೆಂದರೆ ಒಲೆ, ಪಾತ್ರೆ, ದೇವರ ಗೂಡು ಸಮೇತ ಇಡೀ ಮನೆಯನ್ನೇ ಎತ್ತಿಡುವುದು. ವಿಂಡೋಸ್, ನುಡಿ, ಪ್ರಿಂಟರಿನ ಹೊಂದಿಕೆ ಎಲ್ಲ ಇದ್ದ ಹಾಗೇ ವಾಪಸು ಬರುತ್ತವೆ. ಕಡತಗಳನ್ನು ಮಾತ್ರ ಪ್ರತಿ ಮಾಡುವುದೆಂದರೆ ಒಡವೆ, ಕಾಗದಪತ್ರ ಎತ್ತಿಟ್ಟ ಹಾಗೆ. ಎರಡೂ ಬೇಕು. ನಾನು ಪಡಿಯಚ್ಚನ್ನು ಮೂರು ತಿಂಗಳಿಗೊಮ್ಮೆ ತೆಗೆಯುತ್ತೇನೆ, ಫೋಟೋ ಹಾಡುಗಳ ಪ್ರತಿಯನ್ನು ವಾರಕ್ಕೊಮ್ಮೆ. ಎರಡೂ ಹೊರಗಿನ ಹಾರ್ಡ್ ಡಿಸ್ಕಿಗೆ. ಕೆಲಸ ಮುಗಿದ ಕೂಡಲೇ ಅದನ್ನು ಕಿತ್ತು ಬೀರುವಿನಲ್ಲಿಡುತ್ತೇನೆ. ಸಿಕ್ಕಿಸಿಯೇ ಬಿಟ್ಟರೆ, 2017ರ ಮೇ ತಿಂಗಳಲ್ಲಿ ಲೋಕವನ್ನೇ ಕಾಡಿದ ವಾನಾಕ್ರೈನಂಥ ಪಿಡುಗು ಅದನ್ನೂ ಬಿಡುವುದಿಲ್ಲ.

"ಎಲ್ಲ ಕ್ಲೌಡಿನಲ್ಲಿದೆಯಲ್ಲ" ಎನ್ನುವವರಿದ್ದಾರೆ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುವ ವ್ಯವಸ್ಥೆ ಕನ್ನಡಿ, ಕಣಜವಲ್ಲ.

ಆದ್ದರಿಂದ ಯಾವ ಸಾಫ್ಟ್‌ವೇರನ್ನೇ ಆರಿಸಿ, ಮೂರು ಪ್ರಶ್ನೆ ಕೇಳಿ. ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ಇಡುತ್ತದೆಯೇ? ವಿಂಡೋಸ್ ಏಳದಿದ್ದಾಗ ಪೆನ್ ಡ್ರೈವಿನಿಂದ ಏಳುತ್ತದೆಯೇ? ವಾಪಸು ಕೊಡುವಾಗ ದುಡ್ಡು ಕೇಳುತ್ತದೆಯೇ? ಬ್ಯಾಕಪ್ ಸಲೀಸಾಗಿ ತೆಗೆದುಕೊಂಡು, ಬಾಗಿಲಲ್ಲಿ ನಿಂತು "ಈ ಸೌಲಭ್ಯ ಬೇಕಾದರೆ ಹಣ ಕಟ್ಟಿ" ಎನ್ನುವುದು ಗಿರವಿ ಅಂಗಡಿ. ಉತ್ತರ ಸಿಕ್ಕ ಮೇಲೂ ಒಮ್ಮೆ ಹಳೆಯ ಖಾಲಿ ಡಿಸ್ಕಿಗೆ ಇಳಿಸಿ ನೋಡಿ. ಆ ಡಿಸ್ಕ್ ಮೂಲದಷ್ಟಾದರೂ ದೊಡ್ಡದಿರಲಿ. ಡಿಸ್ಕಿನ ಹೆಸರನ್ನು ಎರಡು ಸಲ ಓದಿ, ಏಕೆಂದರೆ ತಪ್ಪು ಡಿಸ್ಕ್ ಆರಿಸಿದರೆ ಅದರಲ್ಲಿದ್ದದ್ದೆಲ್ಲ ಅಳಿಯುತ್ತದೆ. ಇಳಿಸಿ ನೋಡದ ಬ್ಯಾಕಪ್, ಮುಚ್ಚಳ ತೆಗೆಯದೆ ಇಟ್ಟ ಉಪ್ಪಿನಕಾಯಿ ಜಾಡಿ. ಒಳಗೆ ಬೂಸ್ಟು ಹಿಡಿದಿದೆಯೋ ಇಲ್ಲವೋ ಬಲ್ಲವರಾರು?

ಅಮ್ಮನ ಒಂದು ಹಾಡು ಉಳಿದಿದೆ. ರೆಕಾರ್ಡ್ ಮಾಡಿದ ದಿನ ತಂಗಿಗೆ ಫೋನಿನಲ್ಲಿ ಕಳಿಸಿದ್ದೆ, ಅವಳು ಅಳಿಸಿರಲಿಲ್ಲ. ಮೊಸರಾದರೆ ಆ ಒಂದು ಚಮಚದಿಂದ ಮತ್ತೆ ಪಾತ್ರೆ ತುಂಬುತ್ತಿತ್ತು. ಹಾಡು ಹಾಗೆ ತುಂಬುವುದಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ನಿಮ್ಮ ಮನೆಯ ಹುಡುಗರನ್ನು ಕಾಯಬೇಡಿ, ಈ ಭಾನುವಾರ ನೀವೇ ಕೂತು ಮಾಡಿ.