ಹಜ್ ಯಾತ್ರೆಗೆ ಮುನ್ನ ತೀರಬೇಕಾದ ಬಾಕಿ

ಹಜ್ ಯಾತ್ರೆ ಮೆಕ್ಕಾ ನಗರದಲ್ಲಿ ತೊಡಗುತ್ತದೆಂದು ದೂರದಿಂದ ನೋಡುವವರು ಭಾವಿಸುವುದುಂಟು. ರೋಣ ತಾಲ್ಲೂಕಿನ ನಮ್ಮ ಸವಡಿಯಂತಹ ಊರಿನಲ್ಲಿ ನಿಂತು ನೋಡಿದರೆ ಅದು ತೊಡಗುವುದು ಉದ್ರಿ ಅಂಗಡಿಯ ಕಟ್ಟೆಯಲ್ಲಿ, ಹೊಲದ ಬದುವಿನಲ್ಲಿ, ಮುನಿದು ಕುಳಿತ ನೆರೆಯವರ ಹೊಸ್ತಿಲಲ್ಲಿ. ನಾನು ಆ ಯಾತ್ರೆಗೆ ಹೋಗುವವನಲ್ಲ. ಬೀಳ್ಕೊಡುವವರ ಸಾಲಿನಲ್ಲಿ ನಿಲ್ಲುವವನು. ಆ ಸಾಲಿನಲ್ಲಿ ನಿಂತೇ ಈ ಮಾತು.

ಹಿಂದೆ ನಮ್ಮ ಕಡೆಯ ಯಾತ್ರಿಕರು ಮುಂಬಯಿಗೆ ಹೋಗಿ ಹಡಗು ಹತ್ತುತ್ತಿದ್ದರು. ಆ ಹಡಗಿನ ಯಾತ್ರೆ 1995ಕ್ಕೆ ನಿಂತಿತು. ಸರ್ಕಾರದ ಸಹಾಯಧನವೂ 2018ರಲ್ಲಿ ನಿಂತಿತು. ಇಂದು ಅರ್ಜಿ, ಪಾಸ್‌ಪೋರ್ಟು, ಹಜ್ ಸಮಿತಿಯ ಚೀಟಿ ಎತ್ತುವಿಕೆ, ಲಸಿಕೆ, ಕೊನೆಗೆ ವಿಮಾನ. ಕಾಬಾದ ಸುತ್ತ 7 ಪ್ರದಕ್ಷಿಣೆ, ಸಫಾ ಮರ್ವಾಗಳ ನಡುವೆ 7 ನಡಿಗೆ, ಜುಲ್‌ಹಿಜ್ಜಾ ತಿಂಗಳ 9ರಂದು ಅರಫಾತಿನ ಬಯಲು: ಇವೆಲ್ಲವನ್ನೂ ತರಬೇತಿ ಶಿಬಿರದಲ್ಲಿ ಕಲಿಯಬಹುದು. ಕಠಿಣವಾದ ಸಿದ್ಧತೆ ಬೇರೆಯೇ ಇದೆ.

ದೇವರಿಗೆ ಸಲ್ಲಬೇಕಾದ ಹಕ್ಕು, ಮನುಷ್ಯರಿಗೆ ಸಲ್ಲಬೇಕಾದ ಹಕ್ಕು ಎಂದು ಇಸ್ಲಾಮಿನ ಧರ್ಮಜ್ಞರು ಎರಡಾಗಿ ವಿಂಗಡಿಸುತ್ತಾರೆ. ಮೊದಲನೆಯದರಲ್ಲಿ ತಪ್ಪಿದರೆ ದೇವರನ್ನು ಬೇಡಬಹುದು. ಎರಡನೆಯದರಲ್ಲಿ ತಪ್ಪಿದರೆ ನೊಂದವರನ್ನೇ ಬೇಡಬೇಕು. ಆದ್ದರಿಂದಲೇ ಹೊರಡುವವರು ಸಾಲ ತೀರಿಸಬೇಕು, ಮನೆಯವರ ಖರ್ಚಿಗೆ ಇಟ್ಟುಹೋಗಬೇಕು, ನೊಂದವರ ಕ್ಷಮೆ ಪಡೆಯಬೇಕು.

ಇಲ್ಲಿ ಕನ್ನಡದ ಅಧ್ಯಾಪಕನಿಗೆ ಒಂದು ಸಂಗತಿ ಹೊಳೆಯುತ್ತದೆ. ಹಕ್ಕು, ಬಾಕಿ, ವಸೂಲಿ, ನಿಯತ್ತು ಇವೆಲ್ಲ ಮೂಲದಲ್ಲಿ ಅರಬ್ಬೀ ಮಾತುಗಳು. ನಮ್ಮ ಸಂತೆಯಲ್ಲಿ, ಚಾವಡಿಯಲ್ಲಿ ಎಂದೋ ಕನ್ನಡವಾದವು. ಅರಬ್ಬಿಯಲ್ಲಿ ನಿಯತ್ತೆಂದರೆ ಸಂಕಲ್ಪ. ಹಜ್ಜಿನ ಮೊದಲ ವಿಧಿಯೇ ಅದು. ಕನ್ನಡದಲ್ಲಿ ನಿಯತ್ತೆಂದರೆ ಪ್ರಾಮಾಣಿಕತೆ. ಸಂಕಲ್ಪವು ವ್ಯವಹಾರದಲ್ಲಿ ಶುದ್ಧವಾಗಿ ಕಾಣಬೇಕೆಂದು ನಮ್ಮ ರೈತರೇ ಆ ಪದಕ್ಕೆ ಭಾಷ್ಯ ಬರೆದಂತಿದೆ.

ನಮ್ಮ ಕಡೆ ಕ್ಷಮೆ ಕೇಳುವ ರೀತಿಯೂ ಹಾಗೆಯೇ: "ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೋರಿ." ಕೇಳುವವನದು ಒಂದು ಮಾತು, ಅರಗಿಸಿಕೊಳ್ಳುವ ಕೆಲಸ ಎದುರಿನವರದು. ಅಷ್ಟು ದೊಡ್ಡ ಕೆಲಸವನ್ನು ಪರರ ಮೇಲೆ ಹೊರಿಸುವ ಮುನ್ನ ತನ್ನ ಕೆಲಸ ಮುಗಿದಿರಬೇಕಲ್ಲವೇ? ಈಗ ಆ ಮಾತನ್ನು ಮೊಬೈಲಿನಲ್ಲಿ ಒಮ್ಮೆಗೇ ನೂರು ಜನಕ್ಕೆ ಕಳಿಸುವುದನ್ನು ಕಾಣುತ್ತೇನೆ. ನೂರರಲ್ಲಿ ತೊಂಬತ್ತೊಂಬತ್ತು ಮಂದಿಯೊಡನೆ ಜಗಳವೇ ಇರುವುದಿಲ್ಲ. ಉಳಿದ ಒಬ್ಬರ ಮನೆಗೆ ಮಾತ್ರ ಕಾಲು ಏಳದು. ಆ ಒಂದು ಮನೆಯ ದಾರಿಯೇ ಯಾತ್ರೆಯ ಅತಿ ದೀರ್ಘವಾದ ದಾರಿಯೆಂದು ನನ್ನ ಅಭಿಪ್ರಾಯ.

ಊರಿನ ಹಿರಿಯ ರೈತರೊಬ್ಬರು ಹೊರಡುವ ಮುನ್ನ ಮಾಡಿದ್ದು ನೆನಪಾಗುತ್ತದೆ. ನೆರೆಹೊಲದತ್ತ ಸರಿದಿದ್ದ ಬದುವನ್ನು ಮೊದಲು ಹಿಂದಕ್ಕೆ ಸರಿಸಿ ಹಾಕಿಸಿದರು. ಆಮೇಲೆ ಆ ಹೊಲದವರ ಮನೆಗೆ ಹೋದರು. ವರ್ಷಗಟ್ಟಲೆ ಮಾತು ಬಿಟ್ಟಿದ್ದ ಆತ ಅಂದದ್ದು ಇಷ್ಟೇ: "ಹೋಗಿ ಬರ್ರಿ ಕಾಕಾ. ನಾನೂ ಬಿರುಸು ಮಾತಾಡೇನಿ, ನೀವೂ ಹೊಟ್ಟ್ಯಾಗ ಹಾಕ್ಕೋರಿ."

ಗಂಡಸರು ಉಡುವ ಇಹ್ರಾಮಿನ ಎರಡು ಬಿಳಿಯ ಅರಿವೆಗಳಿಗೆ ಹೊಲಿಗೆಯಿಲ್ಲ, ಜೇಬಿಲ್ಲ. ಬಾಕಿಯ ಚೀಟಿ ಇಟ್ಟುಕೊಳ್ಳಲು ಅಲ್ಲಿ ಎಡೆಯಿಲ್ಲ. ಅದು ಊರಲ್ಲೇ ಹರಿಯಬೇಕು. ಹರಿಯಲು ಬಂದವರಿಗೆ ಬಾಗಿಲು ತೆರೆಯುವುದು, ಊರಲ್ಲೇ ಉಳಿಯುವ ನಮ್ಮಂಥವರ ಪಾಲಿನ ಕರ್ತವ್ಯ.